ಹವ್ಯಾಸಿ ಗಿಟಾರಿಗರ ಟ್ಯೂನ್ ಸ್ಪರ್ಧೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಹವ್ಯಾಸಿ ಗಿಟಾರಿಗರು ಎರಡು ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ನಡೆಸುವ ಸ್ನೇಹದ ಸ್ಪರ್ಧೆ ಇದು. ಪ್ರವೇಶ ಶುಲ್ಕ ಇಲ್ಲ. ಒಂದು ವಿಷಯ, ನಾಲ್ಕು ಸ್ವರ (ಅದೇ ಬೀಜಸ್ವರ) ಕೊಡುತ್ತೇವೆ. ಅದರಿಂದ ಸ್ವಂತ ಟ್ಯೂನ್ ಕಟ್ಟಿ, ನುಡಿಸಿ, ರೆಕಾರ್ಡ್ ಮಾಡಿ ಕಳಿಸಬೇಕು. ಅವಸರದಲ್ಲಿರುವವರು ಬೀಜಸ್ವರ, ರೆಕಾರ್ಡಿಂಗ್, ಫೈಲ್ ಈ ಮೂರರ ಉತ್ತರ ಓದಿಕೊಂಡರೂ ಸಾಕು. ಎಂಟ್ರಿಗಳು ಹೆಚ್ಚಾಗಿ ಎಡವುವುದು ಅಲ್ಲೇ.

ಇದು ಚೆನ್ನಾಗಿ ನುಡಿಸುವವರ ಸ್ಪರ್ಧೆನಾ, ಟ್ಯೂನ್ ಕಟ್ಟುವವರ ಸ್ಪರ್ಧೆನಾ?

ಟ್ಯೂನ್ ಕಟ್ಟುವವರದ್ದು. ಬೆರಳು ಎಷ್ಟು ವೇಗವಾಗಿ ಓಡುತ್ತದೆ ಎಂಬುದಕ್ಕೆ ಇಲ್ಲಿ ಅಂಕವಿಲ್ಲ. ಕೇಳಿ ಮುಗಿಸಿದ ಮೇಲೆ ಒಂದು ಸಾಲಾದರೂ ಬಾಯಲ್ಲಿ ಉಳಿಯಬೇಕು, ಎರಡನೇ ಭಾಗ ಮೊದಲನೆಯದಕ್ಕೆ ಏನಾದರೂ ಸೇರಿಸಬೇಕು, ಮುಗಿಯುವ ಜಾಗದಲ್ಲಿ ಮುಗಿಯಬೇಕು. ಇಷ್ಟಿದ್ದರೆ ನುಡಿಸುವಾಗ ಒಂದೆರಡು ಕಡೆ ತಂತಿ ಬಝ್ ಆದರೂ ಕೇಳುಗರು ಕ್ಷಮಿಸುತ್ತಾರೆ. ಆರು ನಿಮಿಷದ ಮಹಾಕಾವ್ಯ ಶುರುಮಾಡಿ ಅರ್ಧಕ್ಕೆ ಬಿಟ್ಟದ್ದಕ್ಕಿಂತ ಒಂದೂವರೆ ನಿಮಿಷದ ಮುಗಿದ ಟ್ಯೂನ್ ಮೇಲು.

ಗಿಟಾರ್ ಹಿಡಿದು ಆರೇ ತಿಂಗಳಾಯ್ತು, ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಂಪು) ಬರುತ್ತೆ. ಕಳಿಸಬಹುದಾ?

ಧಾರಾಳವಾಗಿ. ಜಿ, ಸಿ, ಡಿ, ಇ ಮೈನರ್ ಬಂದರೆ ಎರಡು ನಿಮಿಷದ ಟ್ಯೂನಿಗೆ ಬೇಕಾದ ಸರಕು ಇದೆ. ಹೊಸಬರು ಎಡವುವುದು ಕಾರ್ಡ್ ಕಡಿಮೆಯಾಗಿ ಅಲ್ಲ. ನಾಲ್ಕು ಕಾರ್ಡನ್ನು ಒಂದೇ ಸ್ಟ್ರಮಿಂಗಿನಲ್ಲಿ ಸುತ್ತಿಸಿ, ಅದನ್ನೇ ಟ್ಯೂನ್ ಅಂದುಕೊಂಡು ಎಡವುತ್ತಾರೆ. ಅದರ ಮೇಲೆ ಹಾಡಲು ಬರುವಂಥ ಒಂದು ಒಂಟಿ ತಂತಿಯ ಸಾಲು ಬೇಕು. ಮೊದಲು ಬಾಯಲ್ಲಿ ಗುನುಗಿ ನೋಡಿ. ಬಾಯಿಗೆ ಬಂದದ್ದನ್ನು ಬೆರಳು ಹುಡುಕಲಿ.

ಬೆಂಗಳೂರಿನಲ್ಲಿ ಕೆಲಸ, ಊರು ಹರಿಹರ. ಸೇರಬಹುದಾ?

ಸೇರಬಹುದು. ಎರಡು ಜಿಲ್ಲೆಗಳಲ್ಲಿ ಇರುವವರು, ಇಲ್ಲಿ ಹುಟ್ಟಿ ಬೆಳೆದವರು, ಇಲ್ಲಿ ಓದುತ್ತಿರುವವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಸಂಗೀತವೇ ಹೊಟ್ಟೆಪಾಡಾದವರು ಮಾತ್ರ ಸ್ಪರ್ಧೆಗೆ ಬೇಡ. ಅವರ ಅಭಿಪ್ರಾಯಕ್ಕೆ ಸ್ವಾಗತ.

ಒಂದು ಸುತ್ತು ಹೇಗೆ ನಡೆಯುತ್ತದೆ?

ಮೊದಲನೇ ದಿನ ವಿಷಯ ಮತ್ತು ಬೀಜಸ್ವರ ಪ್ರಕಟ. ಕಟ್ಟಿ ಕಳಿಸಲು 28 ದಿನ, ಕೊನೆಯ ದಿನ ರಾತ್ರಿ 10ರ ತನಕ. ಆಮೇಲೆ ಮೂರು ದಿನ ನಾವು ಫೈಲುಗಳ ಹೆಸರು ತೆಗೆದು ನಂಬರ್ ಹಾಕುತ್ತೇವೆ, ಎಲ್ಲವನ್ನೂ ಒಂದೇ ಸದ್ದಿನ ಮಟ್ಟಕ್ಕೆ ತರುತ್ತೇವೆ. ಮತ ಹಾಕಲು ಒಂದು ವಾರ. ಯಾವ ನಂಬರ್ ಯಾರದ್ದೆಂದು ಬಯಲಾಗುವುದು ಫಲಿತಾಂಶದ ದಿನವೇ.

28 ದಿನವನ್ನು ಹೀಗೆ ಹಂಚಿಕೊಂಡರೆ ಕೊನೆಯಲ್ಲಿ ಒದ್ದಾಟ ಇರುವುದಿಲ್ಲ: ಮೊದಲ ವಾರ ಬರೀ ತುಣುಕುಗಳು, ಚೆಂದವೋ ಅಲ್ಲವೋ ಎಂದು ಯೋಚಿಸದೆ ಮೊಬೈಲಿನಲ್ಲಿ ಗುನುಗಿಟ್ಟುಕೊಳ್ಳುವುದು. ಎರಡನೇ ವಾರ ಒಂದನ್ನು ಆರಿಸಿ ಉಳಿದದ್ದನ್ನು ಮರೆತುಬಿಡುವುದು, ಎರಡನೇ ಭಾಗ ಕಟ್ಟುವುದು. ಮೂರನೇ ವಾರ ಕೈಗೆ ಹತ್ತಿಸಿಕೊಳ್ಳುವುದು. ನಾಲ್ಕನೇ ವಾರ ರೆಕಾರ್ಡಿಂಗ್. ಕೊನೆಯ ಎರಡು ದಿನ ಖಾಲಿ ಇರಲಿ, ಕರೆಂಟ್ ಹೋಗುವುದಕ್ಕೂ ನೆಗಡಿ ಬರುವುದಕ್ಕೂ ಜಾಗ ಬೇಕು.

ಈ ಸಲದ ವಿಷಯ, ಬೀಜಸ್ವರ ಏನು? ಬೀಜಸ್ವರ ಅಂದರೆ?

ವಿಷಯ: ಗಾಳಿ. ಬೀಜಸ್ವರ: ಸ ರಿ ಪ ಮ. ಚತುಶ್ರುತಿ ರಿಷಭ, ಶುದ್ಧ ಮಧ್ಯಮ.

ಡಿ ಅನ್ನು ಷಡ್ಜ (ಸ) ಮಾಡಿಕೊಂಡರೆ ನಾಲ್ಕೂ ಸ್ವರ ಕೈಯಳತೆಯಲ್ಲೇ ಸಿಗುತ್ತವೆ. ನಾಲ್ಕನೇ ತಂತಿ ಓಪನ್ (ಬೆರಳು ಒತ್ತದೆ), ನಾಲ್ಕನೇ ತಂತಿ 2ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ), ಮೂರನೇ ತಂತಿ 2ನೇ ಫ್ರೆಟ್, ಮೂರನೇ ತಂತಿ ಓಪನ್. ತಂತಿಯ ಎಣಿಕೆ ತೆಳ್ಳಗಿನದರಿಂದ ಶುರು. ತೀರಾ ತೆಳ್ಳಗಿನದು ಒಂದನೆಯದು.

ಈ ನಾಲ್ಕು ಸ್ವರ ಇದೇ ಕ್ರಮದಲ್ಲಿ, ನಡುವೆ ಬೇರೆ ಸ್ವರ ಇಲ್ಲದೆ, ಮೊದಲ 30 ಸೆಕೆಂಡಿನೊಳಗೆ ಒಮ್ಮೆ ಸ್ಪಷ್ಟವಾಗಿ ಕೇಳಿಸಬೇಕು. ಲಯ, ಸ್ಥಾಯಿ, ಶ್ರುತಿ ನಿಮ್ಮ ಇಷ್ಟ. ಆಮೇಲೆ ಅದನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ, ಬೇಕಾದರೆ ಮರೆತೇಬಿಡಿ.

ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಅಭ್ಯಾಸಬಲದಿಂದ ಬೆರಳು ಸ ರಿ ಮ ಪ ಎಂದು ಏರಿಬಿಡುತ್ತದೆ. ಈ ಬೀಜದ ಜೀವವೇ ಪಂಚಮಕ್ಕೆ ಹಾರಿ ಮಧ್ಯಮಕ್ಕೆ ಒಂದು ಹೆಜ್ಜೆ ಇಳಿಯುವುದರಲ್ಲಿದೆ. ಅದು ನೇರವಾದರೆ ಬೀಜವೇ ಇಲ್ಲ. ಇನ್ನೊಂದು, ಬೀಜವನ್ನು ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಮೀಟುವುದು) ಒಳಗೆ ಬೇಸ್ ತಂತಿಗಳಲ್ಲಿ ಅಡಗಿಸಿಡುವುದು. ನಿಮಗೆ ಎಲ್ಲಿದೆ ಎಂದು ಗೊತ್ತು, ಕೇಳುವವರಿಗೆ ಗೊತ್ತಾಗಬೇಕಲ್ಲ. ಅನುಮಾನವಿದ್ದರೆ ಸಂಗೀತ ಕಲಿಯದ ಮನೆಯವರಿಗೆ ಒಮ್ಮೆ ಬೀಜ ಕೇಳಿಸಿ, ಆಮೇಲೆ ಟ್ಯೂನ್ ಕೇಳಿಸಿ, 'ಎಲ್ಲಿ ಬಂತು ಹೇಳು' ಎನ್ನಿ.

ನಾಲ್ಕು ಸ್ವರದಿಂದ ಎರಡು ನಿಮಿಷ ಹೇಗೆ ಎಳೆಯೋದು?

ಎಳೆಯಬೇಡಿ, ಬೆಳೆಸಿ. ಕೆಲವು ದಾರಿಗಳಿವೆ.

ಮೊದಲನೆಯದು, ಒಂದು ಮೆಟ್ಟಿಲು ಮೇಲಕ್ಕೆ ಸರಿಸುವುದು. ಸ ರಿ ಮ ಪ ಧ ಎಂಬ ಐದು ಸ್ವರದ ಏಣಿ ಇಟ್ಟುಕೊಂಡರೆ 'ಸ ರಿ ಪ ಮ' ಒಂದು ಮೆಟ್ಟಿಲು ಏರಿ 'ರಿ ಮ ಧ ಪ' ಆಗುತ್ತದೆ. ಗಿಟಾರಿನಲ್ಲಿ ನಾಲ್ಕನೇ ತಂತಿ 2ನೇ ಫ್ರೆಟ್, ಮೂರನೇ ತಂತಿ ಓಪನ್, ಎರಡನೇ ತಂತಿ ಓಪನ್, ಮೂರನೇ ತಂತಿ 2ನೇ ಫ್ರೆಟ್. ಕೈ ಜಾಗ ಬಿಟ್ಟು ಕದಲುವುದೇ ಬೇಡ. ಎರಡನ್ನೂ ಬೆನ್ನಿಗೆ ಬೆನ್ನಾಗಿ ನುಡಿಸಿದರೆ ಆಗಲೇ ಒಂದು ಸಾಲು ಸಿಕ್ಕಿತು.

ಎರಡನೆಯದು, ಹಿಂದುಮುಂದು ಮಾಡುವುದು: 'ಮ ಪ ರಿ ಸ'. ಬೀಜ ಪ್ರಶ್ನೆಯಂತೆ ಮೇಲೆ ನಿಲ್ಲುತ್ತದೆ, ಇದು ಉತ್ತರದಂತೆ ಷಡ್ಜಕ್ಕೆ ಬಂದು ಕೂರುತ್ತದೆ.

ಮೂರನೆಯದು, ಲಯ ಬದಲಿಸುವುದು. ನಾಲ್ಕು ಸ್ವರಕ್ಕೂ ಸಮಾನ ಕಾಲ ಕೊಟ್ಟರೆ ಸರಳೆ ವರಸೆಯ ವಾಸನೆ ಬರುತ್ತದೆ. ಸ ಮತ್ತು ರಿ ಅರ್ಧರ್ಧ ಎಣಿಕೆ, ಪ ಎರಡು ಎಣಿಕೆ, ಮ ಒಂದು ಎಣಿಕೆ ಮಾಡಿ ನೋಡಿ, ಮುಖಚರ್ಯೆಯೇ ಬೇರೆ.

ನಾಲ್ಕನೆಯದನ್ನು ಬಹಳ ಜನ ಬಳಸುವುದಿಲ್ಲ, ಫಲ ಮಾತ್ರ ಇದರಲ್ಲೇ ಹೆಚ್ಚು: ಸ್ವರ ಹಾಗೇ ಇಟ್ಟು ಕೆಳಗಿನ ಕಾರ್ಡ್ ಬದಲಿಸುವುದು. ಷಡ್ಜ ಡಿ ಆದರೆ ಬೀಜದ ಕೊನೆಯ ಮಧ್ಯಮ ಜಿ ಸ್ವರ. ಅದರ ಕೆಳಗೆ ಜಿ ಮೇಜರ್ ಇಟ್ಟರೆ ಆ ಮಧ್ಯಮ ಮನೆಗೆ ಬಂದಂತೆ ನಿಲ್ಲುತ್ತದೆ. ಇ ಮೈನರ್ ಇಟ್ಟರೆ ಅದೇ ಸ್ವರ ಕಾರ್ಡಿನ ಮೂರನೆಯದಾಗಿ ಸ್ವಲ್ಪ ಮಂಕಾಗುತ್ತದೆ. ಎ ಸೆವೆನ್ ಇಟ್ಟರೆ ಏಳನೆಯದಾಗಿ ತೂಗಾಡುತ್ತಾ, ಕೆಳಗಿನ ಎಫ್ ಶಾರ್ಪಿಗೆ ಇಳಿಯಲು ಹಾತೊರೆಯುತ್ತದೆ. ಒಂದೇ ನಾಲ್ಕು ಸ್ವರ, ಮೂರು ಮುಖ. ಮೊದಲ ಸಲ ಜಿ, ನಡುವೆ ಇ ಮೈನರ್, ಕೊನೆಗೆ ಎ ಸೆವೆನ್‌ನಿಂದ ಡಿ ಮೇಜರಿಗೆ ಬಂದು ಮುಗಿಸಿದರೆ ಟ್ಯೂನಿಗೆ ಒಂದು ಪ್ರಯಾಣ ಸಿಕ್ಕಂತೆ.

ಎರಡನೇ ಭಾಗಕ್ಕೆ ಬಂದಾಗ ಒಂದನ್ನಾದರೂ ಖಂಡಿತ ಬದಲಿಸಿ: ಸ್ಥಾಯಿ, ಲಯ ಅಥವಾ ಕಾರ್ಡು ಬದಲಾಗುವ ವೇಗ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಬೇರೆ ಟ್ಯೂನ್ ಶುರುವಾಯಿತೇನೋ ಅನ್ನಿಸುತ್ತದೆ. ಕೊನೆಯನ್ನು ಫೇಡ್ ಔಟ್ ಮಾಡಲು ನಿಯಮದ ಅಡ್ಡಿಯಿಲ್ಲ. ಆದರೆ ಕೊನೆ ಹೊಳೆಯಲಿಲ್ಲ ಎಂದೇ ಕೇಳುಗರು ತಿಳಿಯುತ್ತಾರೆ, ಸಾಮಾನ್ಯವಾಗಿ ಅದು ನಿಜವೂ ಆಗಿರುತ್ತದೆ.

ಉದ್ದ ಎಷ್ಟಿರಬೇಕು?

ಕನಿಷ್ಠ 1 ನಿಮಿಷ 15 ಸೆಕೆಂಡ್, ಗರಿಷ್ಠ 3 ನಿಮಿಷ. ಬರೆಯುವಾಗಲೇ ಲೆಕ್ಕ ಹಾಕಬಹುದು. ಒಂದು ಬಾರಿಗೆ (ಎಣಿಕೆಯ ಒಂದು ಸುತ್ತಿಗೆ) ನಾಲ್ಕು ಎಣಿಕೆ, ಮೆಟ್ರೊನೋಮ್ 80ರಲ್ಲಿದ್ದರೆ (ನಿಮಿಷಕ್ಕೆ 80 ಎಣಿಕೆ) 40 ಬಾರ್ ಸರಿಯಾಗಿ ಎರಡು ನಿಮಿಷ. ಎಂಟೆಂಟು ಬಾರಿನ ನಾಲ್ಕು ಭಾಗ, ಅಂದರೆ 32 ಬಾರ್, 96ರ ವೇಗದಲ್ಲಿ 80 ಸೆಕೆಂಡ್. ಮೂರು ನಿಮಿಷ ದಾಟಿದ ಫೈಲನ್ನು ನಾವು ಕತ್ತರಿಸುವುದಿಲ್ಲ, ವಾಪಸ್ ಕಳಿಸುತ್ತೇವೆ.

ವಿಷಯ 'ಗಾಳಿ' ಅಂದಮೇಲೆ ಗಾಳಿಯ ಶಬ್ದ ಹಾಕಬೇಕಾ?

ಬೇಡವೇ ಬೇಡ. ಮೈಕಿಗೆ ಊದಿದ ಗಾಳಿ ಮೊದಲ ಐದು ಸೆಕೆಂಡ್ ಚೆಂದ, ಆಮೇಲೆ ಕಿರಿಕಿರಿ. ವಿಷಯ ಇರುವುದು ಕಲ್ಪನೆಗೆ ಒಂದು ಹಿಡಿಕೆ ಸಿಗಲಿ ಎಂದು. ದುರ್ಗದ ಬೆಟ್ಟಸಾಲಿನ ಗಾಳಿಯಂತ್ರಗಳನ್ನೇ ನೋಡಿ: ಮೂರು ರೆಕ್ಕೆ, ನಿಮಿಷಕ್ಕೆ 15 ಸುತ್ತು ತಿರುಗಿದರೆ ಒಂದೇ ಜಾಗದಿಂದ 45 ಸಲ ರೆಕ್ಕೆ ಹಾದುಹೋಗುತ್ತದೆ. 45ರ ಆ ನಿಧಾನ ಮಿಡಿತವನ್ನು ಹೆಬ್ಬೆರಳಿನ ಬೇಸಿಗೆ ಕೊಟ್ಟು ಮೇಲೆ ಇಮ್ಮಡಿ ವೇಗದಲ್ಲಿ ಟ್ಯೂನ್ ಓಡಿಸಬಹುದು. ಹೆಸರು ನೋಡದೆಯೂ ತಿರುಗುವುದು ಕೇಳಿಸುತ್ತದೆ.

ಇನ್ನೊಂದು ಮಾತು. ವಿಷಯ ಏನೇ ಇರಲಿ ಕೋಟೆಯನ್ನು ಎಳೆದು ತರುವವರಿದ್ದಾರೆ. ಕೋಟೆ ಎಂದಕೂಡಲೇ ಕುದುರೆ ಓಟದ ಸ್ಟ್ರಮಿಂಗ್, ಏಳುಸುತ್ತಿನ ಕೋಟೆ ಎಂದಕೂಡಲೇ ಏಳು ಎಣಿಕೆಯ ಮಿಶ್ರಚಾಪು. ನಿಷೇಧವಿಲ್ಲ. ಆದರೆ ಮತ ಹಾಕುವವರ ಕಿವಿ ಅದಕ್ಕೆ ಒಗ್ಗಿಹೋಗಿದೆ.

ರಾಗದಲ್ಲೇ ಕಟ್ಟಬೇಕು ಅಂತಿದ್ದೀನಿ. ಕಾರ್ಡ್ ಹಾಕಿದರೆ ರಾಗ ಕೆಡಲ್ವಾ?

ಕೆಡಬಹುದು, ಕೆಡದಂತೆಯೂ ಹಾಕಬಹುದು. ರಾಗದ ಸ್ವರಗಳಿಂದ ಯಾವ ಕಾರ್ಡ್ ಆಗುತ್ತದೆ ಎಂದು ಮೊದಲು ಎಣಿಸಿ. ಷಡ್ಜ ಡಿ ಎಂದಿಟ್ಟುಕೊಂಡರೆ ಮೋಹನದಲ್ಲಿ ಸಿಗುವುದು ಡಿ ಮೇಜರ್ ಮತ್ತು ಬಿ ಮೈನರ್ ಎರಡೇ. ಹಿಂದೋಳದಲ್ಲಿ ಬಿ ಫ್ಲಾಟ್ ಮೇಜರ್ ಮತ್ತು ಜಿ ಮೈನರ್. ಅಲ್ಲಿ ಪಂಚಮವೇ ಇಲ್ಲದ್ದರಿಂದ ಡಿ ಮೈನರ್ ಬಾರಿಸಿದ ಕ್ಷಣ ಹಿಂದೋಳ ಮುಗಿಯಿತು. ಈ ತಪ್ಪು ಬಹಳ ಸಾಮಾನ್ಯ, ಏಕೆಂದರೆ ಕೈ ತಾನಾಗಿಯೇ ಷಡ್ಜದ ಕಾರ್ಡಿಗೆ ಹೋಗುತ್ತದೆ.

ಈ ಸಲದ ಬೀಜ ಶುದ್ಧ ಸಾವೇರಿಯ ಏಣಿಗೆ ಸರಿಯಾಗಿ ಕೂರುತ್ತದೆ. ಹಿಂದೂಸ್ತಾನಿಯವರಿಗೆ ಇದೇ ಸ್ವರಗಳ ದುರ್ಗಾ ಇದೆ. ಇಲ್ಲಿ ಸಿಗುವ ಕಾರ್ಡ್ ಜಿ ಮೇಜರ್, ಇ ಮೈನರ್. ಗಾಂಧಾರ ಇಲ್ಲದ್ದರಿಂದ ಡಿ ಮೇಜರ್ ಸಿಗದು. ಅದರ ಜಾಗಕ್ಕೆ ಡಿ ಸಸ್ ಟು ಅಥವಾ ಡಿ ಸಸ್ ಫೋರ್ (ಗಾಂಧಾರದ ಬದಲು ರಿಷಭ ಅಥವಾ ಮಧ್ಯಮ ಇರುವ ಕಾರ್ಡ್) ಬಳಸಿ, ಎರಡೂ ರಾಗದೊಳಗೇ ಇವೆ. ಮೇಲೆ ಹೇಳಿದ ಎ ಸೆವೆನ್, ಡಿ ಮೇಜರ್ ಮುಕ್ತಾಯ ರಾಗ ಬೇಡವೆನ್ನುವವರಿಗೆ. ಎರಡರಲ್ಲೂ ರಾಗದ ಹೊರಗಿನ ಸ್ವರವಿದೆ.

ಗಮಕಕ್ಕೆ ಅಕೌಸ್ಟಿಕ್ ಗಿಟಾರಿನಲ್ಲಿ ತಂತಿ ಎಳೆಯುವುದಕ್ಕಿಂತ ಜಾರಿಸುವುದು ಸುಲಭ. ಮೂರನೇ ತಂತಿ ಸುರುಳಿ ಸುತ್ತಿದ್ದು, ಅದನ್ನು ಒಂದು ಪೂರ್ಣ ಸ್ವರದಷ್ಟು ಎಳೆಯಲು ಹೋದರೆ ಬೆರಳೂ ನೋಯುತ್ತದೆ, ಶ್ರುತಿಯೂ ಮುಟ್ಟುವುದಿಲ್ಲ.

ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಸೇರಿಸಬಹುದಾ?

ಗಿಟಾರ್ ಮುಂದಿರಬೇಕು, ಉಳಿದದ್ದು ಹಿಂದೆ. ಒಟ್ಟು ನಾಲ್ಕು ಟ್ರ್ಯಾಕಿಗಿಂತ ಹೆಚ್ಚು ಬೇಡ. ರೆಡಿಮೇಡ್ ಡ್ರಮ್ ಲೂಪ್ ಆಗಬಹುದು, ಟ್ಯೂನ್ ಇರುವ ಲೂಪ್ ಆಗದು.

ಹಾರ್ಮೋನಿಯಂ ಜೊತೆ ನುಡಿಸುವವರಿಗೆ ಒಂದು ಎಚ್ಚರಿಕೆ. ಅದರ ರೀಡನ್ನು ಮನೆಯಲ್ಲಿ ಶ್ರುತಿ ಮಾಡಲಾಗದು, ಗಿಟಾರನ್ನೇ ಅದಕ್ಕೆ ಹೊಂದಿಸಬೇಕು. ಹಳೆಯ ಪೆಟ್ಟಿಗೆಗಳು 440 ಹರ್ಟ್ಜ್‌ಗೆ (ಎ ಸ್ವರದ ರೂಢಿಯ ಶ್ರುತಿ) ಸರಿಯಾಗಿ ಇರುವುದು ಅಪರೂಪ. ಬಿಳಿ ಆರು, ಅಂದರೆ ಎ ಸ್ವರ ಒತ್ತಿ ಹಿಡಿದು ಟ್ಯೂನರ್ ಆ್ಯಪ್ ನೋಡಿ. 20 ಸೆಂಟ್ (ಒಂದು ಫ್ರೆಟ್ಟಿನ ಐದನೇ ಒಂದು ಭಾಗ) ಮೇಲೆ ತೋರಿಸಿದರೆ ಆ್ಯಪಿನ ಆಧಾರ ಶ್ರುತಿಯನ್ನು 440ರಿಂದ 445ಕ್ಕೆ ಬದಲಿಸಿ, ಆಮೇಲೆ ಆರೂ ತಂತಿ ಕೂಡಿಸಿ. ಹಾಡುವವರು ಕರಿ ಎರಡರಲ್ಲಿದ್ದರೆ ಮೊದಲ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ತಂತಿಯನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ ಡಿ ಆಕಾರದಲ್ಲೇ ನುಡಿಸಬಹುದು. ಕರಿ ಒಂದಾದರೆ ಅದೇ ಕ್ಯಾಪೊ, ಸಿ ಆಕಾರ.

ವಚನಕ್ಕೆ, ಕವಿತೆಗೆ ಟ್ಯೂನ್ ಹಾಕಿ ಹಾಡಬಹುದಾ?

ಹಾಡಬಹುದು, ಟ್ಯೂನ್ ನಿಮ್ಮದಾಗಿರಬೇಕು. ಸಾಹಿತ್ಯದ ವಿಚಾರದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ನೋಡಿಕೊಳ್ಳಬೇಕು: ಕವಿ ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 12ನೇ ಶತಮಾನದ ವಚನಗಳಿಗೆ ಯಾರ ಅನುಮತಿಯೂ ಬೇಡ. ಆದರೆ ನೀವು ಚಿಕ್ಕಂದಿನಿಂದ ಕೇಳಿದ ಆ ವಚನದ ಧಾಟಿ ಇತ್ತೀಚಿನ ಸಂಯೋಜಕರೊಬ್ಬರದ್ದಾಗಿರಬಹುದು, ಅದು ಬೇಡ. ಬೇಂದ್ರೆಯವರು ತೀರಿಕೊಂಡದ್ದು 1981, ಹಾಗಾಗಿ ಅವರ ಕವಿತೆಗಳಿಗೆ 2041 ಮುಗಿಯುವವರೆಗೆ ಹಕ್ಕಿದೆ. ಕುವೆಂಪು ಅವರದ್ದು 1994, ಅಂದರೆ 2054ರವರೆಗೆ. ಇಂಥವಕ್ಕೆ ಹಕ್ಕುದಾರರ ಲಿಖಿತ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲೇ ಯಾರಾದರೂ ನಾಲ್ಕು ಸಾಲು ಬರೆದುಕೊಟ್ಟರೆ ಈ ತಾಪತ್ರಯವೇ ಇಲ್ಲ.

ಸೋಬಾನೆ, ಕೋಲಾಟ, ಲಾವಣಿಯ ಮಟ್ಟುಗಳಿಂದ ಒಂದು ಸಾಲು ಎತ್ತಿಕೊಳ್ಳಬಹುದು. ಎಲ್ಲಿಂದ, ಯಾರಿಂದ ಕೇಳಿದ್ದೆಂದು ಬರೆದು ಕಳಿಸಿ. ಇಡೀ ಟ್ಯೂನ್ ಅದೇ ಆದರೆ ಅದು ಹೊಂದಾಣಿಕೆ, ಸಂಯೋಜನೆಯಲ್ಲ.

ಎಐ ಬಳಸಬಹುದಾ?

ಟ್ಯೂನ್, ಕಾರ್ಡ್, ಸಾಹಿತ್ಯ ಹುಟ್ಟಿಸಲು ಬೇಡ. ಗದ್ದಲ ತೆಗೆಯಲು, ಶ್ರುತಿ ನೋಡಲು, ಎಣಿಕೆ ಇಡಲು ಯಾವ ಸಾಧನವಾದರೂ ಸರಿ. ಅನುಮಾನ ಬಂದರೆ ಮೊದಲ ದಿನಗಳಲ್ಲಿ ಗುನುಗಿಟ್ಟ ತುಣುಕು ಕೇಳುತ್ತೇವೆ, ಅಳಿಸಬೇಡಿ.

ಬರೀ ಮೊಬೈಲಿನಲ್ಲಿ ಚೆನ್ನಾಗಿ ರೆಕಾರ್ಡ್ ಆಗುತ್ತಾ?

ಆಗುತ್ತದೆ. ಮೊಬೈಲಿಗಿಂತ ಕೋಣೆ ಮುಖ್ಯ, ಅದಕ್ಕಿಂತ ಮೊಬೈಲ್ ಇಡುವ ಜಾಗ ಮುಖ್ಯ.

ಗಿಟಾರಿನ ಕತ್ತು ಡಬ್ಬಿಗೆ ಕೂಡುವ ಜಾಗ ಇದೆಯಲ್ಲ, 12ರಿಂದ 14ನೇ ಫ್ರೆಟ್, ಅದಕ್ಕೆ ಎದುರಾಗಿ ಒಂದೂವರೆ ಗೇಣು ದೂರದಲ್ಲಿ, ಅಂದರೆ 30ರಿಂದ 40 ಸೆಂಟಿಮೀಟರಿನಲ್ಲಿ ಮೊಬೈಲ್ ನಿಲ್ಲಿಸಿ. ಮೈಕ್ ಸಾಮಾನ್ಯವಾಗಿ ಚಾರ್ಜರ್ ತೂತಿನ ಪಕ್ಕ ಇರುತ್ತದೆ, ಆ ತುದಿ ಗಿಟಾರ್ ಕಡೆಗಿರಲಿ. ಎಲ್ಲರೂ ಇಡುವುದು ಸೌಂಡ್‌ಹೋಲಿನ ಎದುರು. ಅಲ್ಲಿ ಇಟ್ಟರೆ ಗುಡುಗುಡು ಬೇಸ್ ತುಂಬಿಕೊಳ್ಳುತ್ತದೆ, ಏಕೆಂದರೆ ಡಬ್ಬಿಯೊಳಗಿನ ಗಾಳಿ ಸುಮಾರು 100 ಹರ್ಟ್ಜ್ ಬಳಿ ತಾನೇ ಅನುರಣಿಸುತ್ತದೆ. ಆರನೇ ತಂತಿಯ 3ನೇ ಫ್ರೆಟ್ಟಿನ ಜಿ ಸ್ವರ, ಐದನೇ ತಂತಿಯ ಓಪನ್ ಎ ಸ್ವರ ಎರಡೂ ಅದರ ಆಸುಪಾಸಿನವೇ. ಅವು ಮಾತ್ರ ಉಬ್ಬಿ ಉಳಿದವು ಸೊರಗುತ್ತವೆ.

ಟೈಲ್ಸ್ ನೆಲ, ಆರ್‌ಸಿಸಿ ತಾರಸಿ, ಖಾಲಿ ಗೋಡೆ ಇರುವ ಕೋಣೆ ಬಾತ್‌ರೂಮಿನಂತೆ ಮೊಳಗುತ್ತದೆ. ಹಾಸಿಗೆ ಗೋಡೆಗೆ ಒರಗಿಸಿ, ನೆಲಕ್ಕೆ ಜಮಖಾನ ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು ಅದರ ಎದುರು ಕುಳಿತುಕೊಳ್ಳಿ. ಫ್ಯಾನ್ ಆಫ್. ಬೇಸಿಗೆಯಲ್ಲಿ ಇದು ಶಿಕ್ಷೆಯೇ, ಹಾಗಾಗಿ ರಾತ್ರಿ ಹತ್ತರ ಮೇಲೆ ಮೂರು ಮೂರು ನಿಮಿಷದ ಟೇಕ್ ತೆಗೆದು ನಡುವೆ ಫ್ಯಾನ್ ಹಾಕಿಕೊಳ್ಳಿ. ಫ್ರಿಜ್ ಸದ್ದನ್ನು ಕಿವಿ ಗಮನಿಸುವುದಿಲ್ಲ, ಮೈಕ್ ಗಮನಿಸುತ್ತದೆ.

ಮೊಬೈಲ್ ಏರೋಪ್ಲೇನ್ ಮೋಡಿಗೆ ಹಾಕಿ. ವೇವ್ ಫೈಲ್ ಕೊಡುವ ರೆಕಾರ್ಡರ್ ಆ್ಯಪ್ ಬಳಸಿ, ಅದರಲ್ಲಿ ಆಟೋ ಗೇನ್ (ಸದ್ದನ್ನು ತಾನೇ ಏರಿಸಿ ಇಳಿಸುವುದು), ನಾಯ್ಸ್ ಸಪ್ರೆಶನ್ (ಗದ್ದಲ ಅಡಗಿಸುವುದು) ಎರಡನ್ನೂ ತೆಗೆದುಹಾಕಿ. ಇವು ಮಾತಿಗೆ ಮಾಡಿದ ಸೌಲಭ್ಯಗಳು. ಮೀಟಿದ ತಂತಿ ನಿಧಾನವಾಗಿ ಆರುವುದನ್ನು ಗದ್ದಲವೆಂದು ತಿಳಿದು ಕತ್ತು ಹಿಸುಕುತ್ತವೆ. ನಿಮ್ಮ ಟ್ಯೂನಿನ ತೀರಾ ಜೋರಾದ ಜಾಗವನ್ನು ಮೊದಲು ನುಡಿಸಿ ನೋಡಿ, ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಸೊನ್ನೆ ಮುಟ್ಟಿ ಒಡೆದ ಸದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ.

ನುಡಿಸುವ ಮುಂಚೆ ಐದು ಸೆಕೆಂಡ್ ಸುಮ್ಮನೆ ಕುಳಿತಿರಿ. ಆ ಮೌನವನ್ನೇ ಮಾದರಿ ಮಾಡಿಕೊಂಡು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಮಾಡಬಹುದು. 6ರಿಂದ 12 ಡೆಸಿಬೆಲ್ ಸಾಕು. ಹೆಚ್ಚು ತೆಗೆದರೆ ಗಿಟಾರ್ ನೀರೊಳಗಿಂದ ಕೇಳಿದ ಹಾಗಾಗುತ್ತದೆ.

ಎಲೆಕ್ಟ್ರಿಕ್ ಗಿಟಾರ್ ಲ್ಯಾಪ್‌ಟಾಪಿಗೆ ಹಾಕಿದರೆ ಗುಂಯ್ ಅನ್ನುತ್ತೆ. ಯಾಕೆ?

ಮನೆ ಕರೆಂಟಿನ 50 ಹರ್ಟ್ಜ್ ಮತ್ತು ಅದರ ಇಮ್ಮಡಿ 100 ಹರ್ಟ್ಜ್ ಅದು. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಿ. ನಿಂತರೆ ಕಾರಣ ಸಿಕ್ಕಿತು, ರೆಕಾರ್ಡಿಂಗನ್ನು ಬ್ಯಾಟರಿಯಲ್ಲೇ ಮುಗಿಸಿ. ನಿಲ್ಲದಿದ್ದರೆ ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್ ಚೋಕ್, ಎಲ್‌ಇಡಿ ಬಲ್ಬ್ ಒಂದೊಂದಾಗಿ ಆರಿಸಿ ನೋಡಿ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಸದ್ದು ಹಿಡಿಯುವ, ಒಂದೇ ಸುರುಳಿಯ ಭಾಗ) ಆದರೆ ಕುಳಿತ ದಿಕ್ಕನ್ನೇ ಸ್ವಲ್ಪ ಸ್ವಲ್ಪ ತಿರುಗಿಸಿ, ಒಂದು ಕೋನದಲ್ಲಿ ಸದ್ದು ಬಹಳಷ್ಟು ಇಳಿಯುತ್ತದೆ.

ತಂತಿ ಮುಟ್ಟಿದಾಗ ಬೆರಳಿಗೆ ಜುಮ್ ಎಂದು ಶಾಕ್ ಹೊಡೆದಂತಾದರೆ ಅಲ್ಲಿಗೇ ನಿಲ್ಲಿಸಿ. ಅರ್ಥಿಂಗ್ ಇಲ್ಲವೆಂದರ್ಥ, ಎಲೆಕ್ಟ್ರಿಷಿಯನ್ ಕರೆಸಿ. ಆಂಪ್ಲಿಫೈಯರಿನ ಮೂರನೇ ಪಿನ್ ಕಿತ್ತರೆ ಸದ್ದು ಹೋಗುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ, ಜೀವ ಹೋಗಬಹುದು.

ಎರಡು ಟ್ರ್ಯಾಕ್ ಸೇರಿಸಿದರೆ ಹೊಂದುವುದೇ ಇಲ್ಲ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಿದ್ದೀರಾ? ಅದರಲ್ಲಿ ಸದ್ದು ತಡವಾಗಿ ಬರುತ್ತದೆ, ನೀವು ಆ ತಡಕ್ಕೆ ಹೊಂದಿಸಿ ನುಡಿಸುತ್ತೀರಿ. ವೈರ್ ಇರುವ ಇಯರ್‌ಫೋನೇ ಬೇಕು. ಎರಡು ಮೊಬೈಲ್ ಬಳಸಿದರೆ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ, ಆ ಚೂಪು ಗೆರೆಗಳನ್ನು ಒಂದರ ಕೆಳಗೊಂದು ತಂದರೆ ಉಳಿದದ್ದು ಕೂಡುತ್ತದೆ. ಒಂದು ಟ್ರ್ಯಾಕ್ ನಿಧಾನವೂ ಆಗಿ ಸುಮಾರು ಒಂದೂವರೆ ಫ್ರೆಟ್ಟಿನಷ್ಟು ಶ್ರುತಿಯೂ ಇಳಿದಿದ್ದರೆ 48 ಕಿಲೋಹರ್ಟ್ಜ್ ಫೈಲನ್ನು ಸಾಫ್ಟ್‌ವೇರ್ 44.1 ಎಂದು ಓದುತ್ತಿದೆ. ಗಿಟಾರಿನ ತಪ್ಪೇನಿಲ್ಲ.

ಮಾರ್ಚ್ ಬಂದರೆ ಗಿಟಾರ್ ಶ್ರುತಿ ನಿಲ್ಲಲ್ಲ, ಫ್ರೆಟ್ ತುದಿ ಕೈಗೆ ಚುಚ್ಚುತ್ತೆ.

ನಮ್ಮ ಕಡೆಯ ಒಣ ಹವೆ. ಗಿಟಾರಿನ ಮರಕ್ಕೆ ಶೇ. 45ರಿಂದ 55ರ ತೇವಾಂಶ ಹಿತ. ಒಣಗಿದರೆ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿ ಹೊರಗೆ ಇಣುಕುತ್ತದೆ. ಮೇಲ್ಹಲಗೆ ತಗ್ಗಿ ತಂತಿ ಫ್ರೆಟ್ಟಿಗೆ ಹತ್ತಿರವಾಗಿ ಬಝ್ ಬರುತ್ತದೆ. ಅದನ್ನು ನೋಡಿ ಕೂಡಲೇ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಎತ್ತರಿಸಬೇಡಿ, ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಬೆಟ್ಟ ಹತ್ತುತ್ತದೆ.

ಪ್ಲಾಸ್ಟಿಕ್ ಸೋಪ್ ಡಬ್ಬಿಗೆ ಮೇಲ್ಭಾಗದಲ್ಲಿ ಹತ್ತಾರು ತೂತು ಕೊರೆದು, ಒಳಗೆ ಸ್ಪಂಜ್ ಒದ್ದೆ ಮಾಡಿ ಹನಿ ಬೀಳದಷ್ಟು ಹಿಂಡಿ ಇಡಿ. ಡಬ್ಬಿಯನ್ನು ಗಿಟಾರ್ ಕೇಸಿನಲ್ಲಿ ಹೆಡ್‌ಸ್ಟಾಕ್ ಪಕ್ಕ ಇಟ್ಟು ಮುಚ್ಚಿ. ಎರಡು ಮೂರು ದಿನಕ್ಕೊಮ್ಮೆ ಸ್ಪಂಜ್ ನೋಡಿ. ಬಟ್ಟೆಯ ಚೀಲವಾದರೆ ತೇವ ನಿಲ್ಲುವುದಿಲ್ಲ, ಹಾರ್ಡ್ ಕೇಸ್ ಇದ್ದರೆ ಒಳ್ಳೆಯದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಡಲೇಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜ್ ಏಳುತ್ತದೆ.

ಹೊಸ ತಂತಿ ಹಾಕಿದ ದಿನವೇ ರೆಕಾರ್ಡ್ ಮಾಡಬೇಡಿ. ಪ್ರತಿ ತಂತಿಯನ್ನು 12ನೇ ಫ್ರೆಟ್ ಬಳಿ ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವ ತನಕ. ಕ್ಯಾಪೊ ಹಾಕಿದ ಮೇಲೂ ಒಮ್ಮೆ ಟ್ಯೂನರ್ ನೋಡಿ; ಗಟ್ಟಿ ಕಚ್ಚಿದರೆ ಎಲ್ಲ ತಂತಿಯೂ ಸ್ವಲ್ಪ ಏರುತ್ತದೆ.

ಫೈಲ್ ಯಾವ ರೂಪದಲ್ಲಿ ಕಳಿಸಬೇಕು?

ವೇವ್, 44.1 ಕಿಲೋಹರ್ಟ್ಜ್, 24 ಬಿಟ್. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 16 ಎಂಬಿ, ಮೂರು ನಿಮಿಷಕ್ಕೆ 48. ನೆಟ್ ಸಾಲದಿದ್ದರೆ 320 ಕೆಬಿಪಿಎಸ್ ಎಂಪಿ3, ಅದು ಮೂರು ನಿಮಿಷಕ್ಕೆ 7 ಎಂಬಿ ಚಿಲ್ಲರೆ. ವಾಟ್ಸ್ಆ್ಯಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಾಯ್ಸ್ ನೋಟ್ ಬೇಡ. ಫೈಲಿನ ಹೆಸರು ಟ್ಯೂನಿನ ಹೆಸರಷ್ಟೇ ಇರಲಿ. ಎಕ್ಸ್‌ಪೋರ್ಟ್ ಮಾಡುವಾಗ ಆರ್ಟಿಸ್ಟ್ ಎಂಬ ಜಾಗದಲ್ಲಿ ನಿಮ್ಮ ಹೆಸರು ಕುಳಿತಿರುತ್ತದೆ, ಅಳಿಸಿ. ಜೊತೆಗೆ ಮೂರು ಸಾಲಿನ ಟಿಪ್ಪಣಿ: ಷಡ್ಜ ಎಲ್ಲಿ, ಕ್ಯಾಪೊ ಎಲ್ಲಿ, ಬೀಜ ಎಷ್ಟನೇ ಸೆಕೆಂಡಿಗೆ ಬರುತ್ತದೆ. ನೊಟೇಶನ್ ಕಡ್ಡಾಯವಲ್ಲ.

ಎಲ್ಲ ಫೈಲಿನ ಸದ್ದು ಒಂದೇ ಮಟ್ಟಕ್ಕೆ ಯಾಕೆ ತರುತ್ತೀರಿ?

ಒಂದೇ ಟ್ಯೂನನ್ನು ಸ್ವಲ್ಪ ಜೋರಾಗಿ ಕೇಳಿಸಿದರೆ ಅದೇ ಚೆನ್ನಾಗಿದೆ ಎಂದು ಕಿವಿ ನಂಬುತ್ತದೆ. ಹಾಗಾಗಿ ಸದ್ದಿನ ಸರಾಸರಿ ಜೋರು ಅಳೆಯುವ ಮಾನದಲ್ಲಿ ಎಲ್ಲವನ್ನೂ ಮೈನಸ್ 16 ಎಲ್‌ಯುಎಫ್‌ಎಸ್‌ಗೆ ಇಳಿಸುತ್ತೇವೆ ಅಥವಾ ಏರಿಸುತ್ತೇವೆ. ನೀವು ಲಿಮಿಟರ್ (ಜೋರಾದ ಸದ್ದನ್ನು ಅದುಮುವ ಸಾಧನ) ಹಾಕಿ ಹಿಂಡಿ ಕಳಿಸಿದರೆ ನಮ್ಮ ಕೈಯಲ್ಲಿ ಅದು ತಗ್ಗುತ್ತದೆ, ಏರಿಳಿತ ಸತ್ತದ್ದು ಮಾತ್ರ ಉಳಿಯುತ್ತದೆ.

ಮತ ಹೇಗೆ? ಸ್ನೇಹಿತರಿಗೆ ಹಾಕಿಬಿಟ್ಟರೆ?

ಟ್ಯೂನ್ ಕಳಿಸಿದವರೆಲ್ಲ ಮತದಾರರು. ಇಷ್ಟವಾದ ಮೂರಕ್ಕೆ 5, 3, 1 ಅಂಕ, ತಮ್ಮದಕ್ಕೆ ಹಾಕುವಂತಿಲ್ಲ. ಮತ ಹಾಕದವರ ಟ್ಯೂನ್ ಲೆಕ್ಕದಿಂದ ಹೊರಗೆ. ಸಮ ಬಂದರೆ 5 ಅಂಕ ಹೆಚ್ಚು ಸಲ ಸಿಕ್ಕಿದ್ದು ಮೇಲೆ. ಫಲಿತಾಂಶಕ್ಕೆ ಮುಂಚೆ ತುಣುಕನ್ನು ಸ್ಟೇಟಸ್ಸಿಗೆ ಹಾಕಿದರೆ ನಂಬರಿನ ಗುಟ್ಟು ರಟ್ಟಾಗುತ್ತದೆ, ಆ ಎಂಟ್ರಿಯನ್ನು ಕೇಳಿಸುತ್ತೇವೆ, ಅಂಕ ಕೊಡುವುದಿಲ್ಲ.

ಅಭಿಪ್ರಾಯ ಬರೆಯಲು ನನಗೆ ಥಿಯರಿ ಗೊತ್ತಿಲ್ಲ.

ಬೇಕಿಲ್ಲ. ಸಮಯ ನಮೂದಿಸಿ, ಕೇಳಿಸಿದ್ದನ್ನು ಬರೆಯಿರಿ. 'ಸೂಪರ್ ಗುರು' ಎಂದರೆ ಖುಷಿಯಾಗುತ್ತದೆ, ಉಪಯೋಗವಿಲ್ಲ. '1:12ರಲ್ಲಿ ಟ್ಯೂನ್ ಮುಗಿಯಿತು ಅಂದುಕೊಂಡೆ, ಮತ್ತೆ ಶುರುವಾಯಿತು' ಎಂದು ಬರೆದರೆ ಕಟ್ಟಿದವರಿಗೆ ಎಲ್ಲಿ ತಿದ್ದಬೇಕೆಂದು ಗೊತ್ತಾಗುತ್ತದೆ. ಪ್ರತಿ ಟ್ಯೂನಿಗೂ ಹಿಡಿಸಿದ್ದೊಂದು, ತಿದ್ದಬಹುದಾದ್ದೊಂದು. ಗಿಟಾರಿನ ಬೆಲೆ, ಮೊಬೈಲಿನ ಕಂಪನಿ, ನುಡಿಸಿದವರ ವಯಸ್ಸು ಊಹಿಸುವ ಮಾತು ಬೇಡ.

ಬಹುಮಾನ ಏನು?

ಒಂದು ಸೆಟ್ ತಂತಿ, ಮತ್ತು ಮುಂದಿನ ಸುತ್ತಿನ ವಿಷಯ, ಬೀಜಸ್ವರ ಆರಿಸುವ ಹಕ್ಕು. ಎರಡನೆಯದಕ್ಕೇ ಪೈಪೋಟಿ ಹೆಚ್ಚು. ಫಲಿತಾಂಶದ ನಂತರದ ಭಾನುವಾರ ಬರಲು ಆಗುವವರು ದಾವಣಗೆರೆಯಲ್ಲಿ ಸೇರುತ್ತೇವೆ. ಬೆಣ್ಣೆದೋಸೆಯ ಬಿಲ್ ಅವರವರದ್ದೇ, ಗೆದ್ದವರದ್ದೂ.

ಕಳಿಸಿದ ಮೇಲೆ ತಪ್ಪು ಕಾಣಿಸಿತು. ಬದಲಿಸಬಹುದಾ?

ಕೊನೆಯ ದಿನದ ಒಳಗಾದರೆ ಒಂದು ಸಲ. ಫೈಲಿನ ಹೆಸರಿನ ಮುಂದೆ 'ಎರಡು' ಎಂದು ಸೇರಿಸಿ ಕಳಿಸಿ, ಹಳೆಯದನ್ನು ನಾವು ಅಳಿಸುತ್ತೇವೆ. ಗಡುವು ಮುಗಿದ ಮೇಲೆ ಒಂದು ತಂತಿ ತಪ್ಪಿತು, ಕಾರ್ಡ್ ಜಾರಿತು ಎಂಬುದಕ್ಕೆ ಬದಲಾವಣೆ ಇಲ್ಲ. ಫೈಲ್ ತೆರೆಯದಿದ್ದರೆ, ನಡುವೆ ಕತ್ತರಿಸಿಹೋಗಿದ್ದರೆ ನಾವೇ ತಿಳಿಸುತ್ತೇವೆ. ತಿಳಿಸಿದ 24 ಗಂಟೆಯೊಳಗೆ ಅದೇ ಟೇಕನ್ನು ಮತ್ತೆ ಕಳಿಸಬೇಕು, ಹೊಸದಾಗಿ ನುಡಿಸಿದ್ದು ನಡೆಯುವುದಿಲ್ಲ.